ದಾಸವಾಳಕ್ಕೆ ಔಷಧಿ ಹೊಡೆಯುವ ಮುಂಚೆ ಇದನ್ನೊಮ್ಮೆ ಓದಿ

ಚಿಕ್ಕಬಳ್ಳಾಪುರದ ನಮ್ಮ ಮನೆ ಮುಂದೆ ಆಳೆತ್ತರದ ಎರಡು ದಾಸವಾಳದ ಗಿಡಗಳಿದ್ದವು. ಈಗ ಒಂದೇ ಇದೆ. ಇನ್ನೊಂದನ್ನು ನಾನೇ ಕೈಯಾರೆ ಒಣಗಿಸಿದೆ.

ಹೋದ ಬೇಸಿಗೆಯಲ್ಲಿ ಕುಡಿಗಳೆಲ್ಲ ಮುದುಡಿ ಗಂಟು ಕಟ್ಟಿದ್ದವು, ಮೊಗ್ಗು ಅರಳದೆ ಉದುರುತ್ತಿತ್ತು, ಎಲೆ ಮುಟ್ಟಿದರೆ ಅಂಟಂಟು. ಕಾಂಡದ ಮೇಲೆ ಇರುವೆ ಸಾಲು. ಕುಡಿ ಬಿಡಿಸಿದರೆ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬಿಳಿ. ಹಿಟ್ಟು ತಿಗಣೆ ಅನ್ನೋ ರಸ ಹೀರುವ ಹುಳ. ಒಂದು ಕುಡಿ ಕವರಿಗೆ ಹಾಕಿಕೊಂಡು ಗೊಬ್ಬರದ ಅಂಗಡಿಗೆ ಹೋದೆ. ಅವರು ಕವರ್ ಬಿಚ್ಚಲೂ ಇಲ್ಲ. "ದ್ರಾಕ್ಷಿಗೂ ಇದೇ ಬರೋದು ಸಾರ್, ಇದು ಹೊಡೀರಿ" ಅಂತ ಬಾಟಲಿ ಕೊಟ್ಟರು. ಮಾತು ಸುಳ್ಳಲ್ಲ, ದ್ರಾಕ್ಷಿಯ ಗುಲಾಬಿ ಹಿಟ್ಟು ತಿಗಣೆ ದಾಸವಾಳಕ್ಕೂ ಬರುತ್ತದೆ. ಆದರೆ ಎಷ್ಟು ನೀರಿಗೆ ಎಷ್ಟು ಅಂತ ಅವರು ಹೇಳಲಿಲ್ಲ, ನಾನು ಲೇಬಲ್ ಓದಲಿಲ್ಲ. ಮುಚ್ಚಳದ ಅಂದಾಜಿನಲ್ಲಿ ಕಲಸಿ, ಅದೂ ಮಟಮಟ ಮಧ್ಯಾಹ್ನ ಹೊಡೆದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಆ ಬಿಳಿಯ ನಡುವೆ ಮೈತುಂಬ ಉದ್ದುದ್ದ ಬಿಳಿ ಎಳೆ ಇದ್ದ ದಪ್ಪ ಹುಳಗಳು ಸರಸರ ಓಡಾಡುತ್ತಿದ್ದವು. ಇವೇ ತಾಯಿ ತಿಗಣೆ ಅಂದುಕೊಂಡು ಅವಕ್ಕೇ ಗುರಿಯಿಟ್ಟು ಜಾಸ್ತಿ ಹೊಡೆದೆ. ಆಮೇಲೆ ಗೊತ್ತಾಯಿತು, ಅವು ತಿಗಣೆ ತಿನ್ನುವ ಗುಲಗಂಜಿ ಹುಳದ ಮರಿಗಳು! ಕ್ರಿಪ್ಟೊಲೀಮಸ್ ಅಂತ ಹೆಸರು, 1898ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತಂದಿದ್ದು. ದ್ರಾಕ್ಷಿ ಬೆಳೆಯುವವರು ದುಡ್ಡು ಕೊಟ್ಟು ತಂದು ತೋಟಕ್ಕೆ ಬಿಡುತ್ತಾರೆ. ನನಗೆ ಪುಕ್ಕಟೆ ಬಂದಿದ್ದವು, ನಾನು ಸಾಯಿಸಿದೆ.

ಮೂರೇ ದಿನಕ್ಕೆ ಎಲೆ ಅಂಚು ಸುಟ್ಟಿತು. ತಿಗಣೆಯ ಮೊಟ್ಟೆ ಹತ್ತಿಯಂಥ ಚೀಲದೊಳಗೆ ಇರುತ್ತದೆ, ಔಷಧಿ ಸರಿಯಾಗಿ ತಾಗುವುದಿಲ್ಲ. ತಿಗಣೆ ಮರಿಗಳು ಮತ್ತೆ ಬಂದವು, ತಿನ್ನೋರು ಯಾರೂ ಇರಲಿಲ್ಲ.

ಈಗ ಮೊದಲು ಊದುಬತ್ತಿ ಕಡ್ಡಿಯಿಂದ ಮೆಲ್ಲಗೆ ತಟ್ಟಿ ನೋಡುತ್ತೇನೆ. ಕದಲದೆ ಕೂತರೆ, ಇಲ್ಲಾ ತೆವಳಿದರೆ ತಿಗಣೆ. ಓಡಿದರೆ ನಮ್ಮವನು, ಬಿಟ್ಟುಬಿಡಿ. ಮುದುಡಿದ ಕುಡಿ ಕತ್ತರಿಸಿ ಸೋಪಿನ ನೀರಿನ ಬಕೆಟ್ಟಿಗೆ ಹಾಕುತ್ತೇನೆ, ಸುಮ್ನೆ ಅಲ್ಲೇ ಬಿಸಾಡಿದರೆ ಪಕ್ಕದ ಗಿಡಕ್ಕೆ ಹತ್ತುತ್ತವೆ. ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು. ಅದಕ್ಕೂ ಬಗ್ಗದಿದ್ದರೆ ಲೀಟರಿಗೆ 5 ಎಂಎಲ್ ಬೇವಿನ ಎಣ್ಣೆ, ನೀರಲ್ಲಿ ಬೆರೆಯಲು ಒಂಚೂರು ಸೋಪು, ಸಂಜೆ ಹೊತ್ತು. ಓಡುವ ಮರಿ ಇರುವ ಕೊಂಬೆಗೆ ಅದನ್ನೂ ಹೊಡೆಯಲ್ಲ. ಇರುವೆ ಹತ್ತಲು ಬಿಡಬೇಡಿ, ತಿಗಣೆ ಬಿಡುವ ಸಿಹಿ ಅಂಟಿನ ಆಸೆಗೆ ಅವು ತಿಗಣೆಗೆ ಕಾವಲು ಕಾಯುತ್ತವೆ, ಗುಲಗಂಜಿ ಹುಳವನ್ನು ಓಡಿಸುತ್ತವೆ.