ರಿಗ್ಲಿ ಫೀಲ್ಡ್, ಶಿಕಾಗೋ: ಬಳ್ಳಿ ಹಬ್ಬಿದ ಆ ಹಳೇ ಬೇಸ್‌ಬಾಲ್ ಮೈದಾನ

ಶಿಕಾಗೋದಲ್ಲಿ ಆರು ವರ್ಷ ಇದ್ವಿ, ಬಿಟ್ಟು ಬಂದು ಎಷ್ಟೋ ದಿನ ಆಯ್ತು, ಆದ್ರೂ ಆ ಊರಿನ ಹೆಸ್ರು ಕಿವಿಗೆ ಬಿದ್ರೆ ನಂಗೆ ಮೊದ್ಲು ಕಣ್ಮುಂದೆ ಬರೋದು ರಿಗ್ಲಿ ಫೀಲ್ಡೇ. ಐದಕ್ಕೆ ಐದು ಸ್ಟಾರು, ಯೋಚ್ನೆನೇ ಇಲ್ಲ.

ರೆಡ್ ಲೈನ್ ಟ್ರೈನಲ್ಲಿ ಆಡಿಸನ್ ಸ್ಟೇಷನ್‌ಗೆ ಇಳಿದು ನೀಲಿ ಶರ್ಟಿನ ಜನ ಎತ್ತ ಹೋಗ್ತಾರೋ ಅತ್ತ ಹೋದ್ರೆ ಸಾಕು, ಗೇಟ್ ಬಂದೇ ಬಿಡತ್ತೆ. ಊರಾಚೆ ಬಯಲಲ್ಲಿ ಕಟ್ಟಿರೋ ಸ್ಟೇಡಿಯಂ ಅಲ್ಲ ಇದು, ಮನೆಗಳ ಮಧ್ಯದಲ್ಲೇ ಇದೆ, ಎದುರು ಬೀದಿ ಕಟ್ಟಡಗಳ ತಾರಸಿ ಮೇಲೂ ಜನ ಕೂತು ಮ್ಯಾಚ್ ನೋಡ್ತಾರೆ. 1914ರಲ್ಲಿ ಕಟ್ಟಿದ್ದು, ಶಿಕಾಗೋದ ಬೇಸ್‌ಬಾಲ್ ಟೀಮು ಕಬ್ಸ್ ಇಲ್ಲಿಗೆ ಬಂದಿದ್ದು 1916ರಲ್ಲಿ.

ಮೊದಲ್ನೇ ಸಲ ಹೋಗಿದ್ದು ಒಂದು ಜೂನ್ ಮಧ್ಯಾಹ್ನ, ಬ್ಲೀಚರ್ಸ್‌ನಲ್ಲಿ, ಅಂದ್ರೆ ಔಟ್‌ಫೀಲ್ಡ್ ಹಿಂದಿರೋ ಒರಗೋಕೆ ಏನೂ ಇಲ್ದಿರೋ ಬೆಂಚುಗಳು, ಸೀಟ್ ನಂಬರ್ ಇಲ್ಲ, ಮೊದ್ಲು ಹೋದೋರಿಗೆ ಒಳ್ಳೆ ಜಾಗ. ಕ್ರಿಕೆಟ್ ನೋಡಿ ಬೆಳೆದ ನಂಗೆ ಬೇಸ್‌ಬಾಲ್ ತಲೆಬುಡ ಗೊತ್ತಿರ್ಲಿಲ್ಲ. ಪಕ್ಕದಲ್ಲಿ ಒಬ್ರು ಅಜ್ಜಿ, ತೊಡೆ ಮೇಲೆ ಸ್ಕೋರ್‌ಕಾರ್ಡು, ಕೈಯಲ್ಲಿ ಮೊಂಡು ಪೆನ್ಸಿಲ್ಲು. ಬಾಲು ಹೋಗಿ ಗೋಡೆ ಮೇಲಿನ ಬಳ್ಳಿ ಒಳಗೆ ಸಿಕ್ಕಾಕೊಂಡ್ತು, ಫೀಲ್ಡರ್ ಹುಡುಕೋದು ಬಿಟ್ಟು ಎರಡೂ ಕೈ ಮೇಲೆತ್ತಿ ನಿಂತ್ಕೊಂಡ, ಇದೇನಪ್ಪ ಅಂತ ನೋಡ್ತಿದ್ರೆ ಅಜ್ಜಿನೇ ಹೇಳಿದ್ರು, ಹಾಗೆ ಕೈ ಎತ್ತಿದ್ರೆ ಅಂಪೈರ್ ಆಟ ನಿಲ್ಲಿಸಿ ಬ್ಯಾಟರ್‌ಗೆ ಸೆಕೆಂಡ್ ಬೇಸ್, ಅಂದ್ರೆ ಓಡೋ ದಾರಿಯ ಎರಡನೇ ನಿಲ್ದಾಣ, ಕೊಡ್ತಾರೆ, ಬಳ್ಳಿಗೆ ಕೈ ಹಾಕಿ ಹುಡುಕೋಕೆ ಹೋದ್ರೆ ಮಾತ್ರ ಆಟ ಮುಂದುವರಿಯತ್ತೆ ಅಂತ. ಒಂದು ಬಳ್ಳಿಗೋಸ್ಕರ ಒಂದು ರೂಲು! ನಾನು ಆ ಜಾಗಕ್ಕೆ ಮನಸೋತಿದ್ದು ಅಲ್ಲೇ.

ಆ ಬಳ್ಳಿ ನೆಟ್ಟಿದ್ದು 1937ರಲ್ಲಿ, ಏಪ್ರಿಲ್‌ನಲ್ಲಿ ಹೋದ್ರೆ ಬರೀ ಕಂದು ಕಡ್ಡಿ, ಜೂನ್ ಹೊತ್ತಿಗೆ ಗೋಡೆ ಪೂರ್ತಿ ಹಸಿರು. ಅದೇ ವರ್ಷದ ಸ್ಕೋರ್‌ಬೋರ್ಡು ಇವತ್ತಿಗೂ ಇದೆ, ಒಳಗೆ ಮನುಷ್ಯರು ಕೂತು ಕೈಯಲ್ಲೇ ನಂಬರ್ ಪ್ಲೇಟ್ ಬದಲಿಸ್ತಾರೆ. ಖಾಲಿ ಚೌಕದಲ್ಲಿ ಒಂದು ಕ್ಷಣ ಕತ್ತಲೆ, ಆಮೇಲೆ ಹೊಸ ನಂಬರು. 2015ರಲ್ಲಿ ದೊಡ್ಡ ವಿಡಿಯೋ ಸ್ಕ್ರೀನ್ ಹಾಕಿದ್ರು, ಇರ್ಲಿ, ನನ್ ಕಣ್ಣು ಮಾತ್ರ ಹಳೇ ಬೋರ್ಡ್ ಕಡೆಗೇ ಹೋಗೋದು. ಮ್ಯಾಚ್ ಮುಗಿದ್ಮೇಲೆ ಅದ್ರ ಮೇಲೆ ಬಾವುಟ ಹಾರಿಸ್ತಾರೆ, ಗೆದ್ರೆ ಬಿಳಿ ಬಟ್ಟೆ ಮೇಲೆ ನೀಲಿ ಡಬ್ಲ್ಯೂ, ಸೋತ್ರೆ ನೀಲಿ ಮೇಲೆ ಬಿಳಿ ಎಲ್, ಟ್ರೈನಲ್ಲಿ ಹೋಗೋರಿಗೂ ರಿಸಲ್ಟ್ ಗೊತ್ತಾಗತ್ತೆ. ಫ್ಲಡ್‌ಲೈಟ್ ಬಂದಿದ್ದೇ 1988ರಲ್ಲಿ, ಅಲ್ಲೀವರೆಗೂ ಬರೀ ಹಗಲಾಟ, ಆಗಸ್ಟ್ 8ರ ಮೊದಲ ರಾತ್ರಿ ಮ್ಯಾಚು ಮಳೆಗೆ ಅರ್ಧಕ್ಕೇ ನಿಂತು ಮಾರನೇ ದಿನ ಇನ್ನೊಂದು ಮ್ಯಾಚ್ ಪೂರ್ತಿ ಆಡಿದ್ರು.

ಅಜ್ಜಿ ಕಾರ್ಡಲ್ಲಿ 6-4-3 ಅಂತ ಬರೆದು ನಂಗೆ ತೋರಿಸಿದ್ರು, ಒಂದೊಂದು ನಂಬರೂ ಒಬ್ಬೊಬ್ಬ ಫೀಲ್ಡರ್‌ದು, ಬಾಲು ಶಾರ್ಟ್‌ಸ್ಟಾಪ್ ಅನ್ನೋ ಫೀಲ್ಡರ್ ಕೈಯಿಂದ ಸೆಕೆಂಡ್ ಬೇಸ್‌ಗೆ, ಅಲ್ಲಿಂದ ಫಸ್ಟ್ ಬೇಸ್‌ಗೆ, ಒಂದೇ ಏಟಿಗೆ ಇಬ್ರು ಔಟು. ಹೀಗೆ ಬರೆಯೋದನ್ನ ಅವ್ರಿಗೆ ಕಲಿಸಿದ್ದು ಅವ್ರಪ್ಪ, ಇದೇ ಬೆಂಚುಗಳ ಮೇಲೆ ಕೂರಿಸ್ಕೊಂಡು. ಕಬ್ಸ್ ವರ್ಲ್ಡ್ ಸೀರೀಸ್, ಅಂದ್ರೆ ಅಮೆರಿಕದ ಬೇಸ್‌ಬಾಲ್ ಚಾಂಪಿಯನ್‌ಶಿಪ್ಪು, ಗೆಲ್ಲೋದು ನೋಡ್ಬೇಕು ಅಂತ ಜೀವಮಾನವೆಲ್ಲ ಕಾದು ಹಾಗೇ ಹೋಗ್ಬಿಟ್ರಂತೆ. 1908ರಲ್ಲಿ ಗೆದ್ದಿದ್ದು ಬಿಟ್ರೆ ಆಮೇಲೆ ಗೆದ್ದೇ ಇರ್ಲಿಲ್ವಲ್ಲ.

2016ರಲ್ಲಿ ಕೊನೆಗೂ ಗೆದ್ರು, 108 ವರ್ಷ ಆದ್ಮೇಲೆ. ಫೈನಲ್ ಗೆದ್ದಿದ್ದು ಕ್ಲೀವ್‌ಲ್ಯಾಂಡಲ್ಲಿ, ಆದ್ರೆ ಜನ ಬಂದಿದ್ದು ರಿಗ್ಲಿಗೆ. ಹೊರಗಿನ ಇಟ್ಟಿಗೆ ಗೋಡೆ ತುಂಬಾ ಬಣ್ಣಬಣ್ಣದ ಚಾಕ್‌ಪೀಸಲ್ಲಿ ಹೆಸ್ರುಗಳು, ಆ ದಿನ ನೋಡೋಕೆ ಉಳೀದೇ ಇದ್ದ ಅಪ್ಪಂದಿರದು, ತಾತಂದಿರದು. ಅಳ್ತಿದ್ದ ಯಾರೋ ಒಬ್ರು ನನ್ ಕೈಗೂ ಒಂದು ಚಾಕ್‌ಪೀಸ್ ಕೊಟ್ರು. ಆ ಅಜ್ಜಿ ಅಪ್ಪನ ಹೆಸ್ರು ನಾನು ಕೇಳಿರ್ಲಿಲ್ಲ, ಕೆಳಗಡೆ ಒಂದು ಇಟ್ಟಿಗೆ ಮೇಲೆ 6-4-3 ಅಂತ ಬರೆದು ಬಂದೆ.

ಹೋಗೋರು ಹಗಲು ಮ್ಯಾಚ್‌ಗೇ ಹೋಗಿ. ಗ್ರ್ಯಾಂಡ್‌ಸ್ಟ್ಯಾಂಡ್ ಟಿಕೆಟ್ ಆದ್ರೆ ಹಳೇ ಕಾಲದ ಕಂಬ ಅಡ್ಡ ಬರತ್ತಾ ನೋಡ್ಕೊಂಡು ಬುಕ್ ಮಾಡಿ. ಬೇಸಿಗೆ ಆದ್ರೂ ಒಂದು ಜಾಕೆಟ್ ಇರ್ಲಿ, ಸರೋವರದ ಕಡೆಯಿಂದ ಗಾಳಿ ತಿರುಗಿದ್ರೆ ಮೇಲೆ ಹೋದ ಬಾಲೇ ವಾಪಸ್ ಬರತ್ತೆ, ನೀವಂತೂ ನಡುಗ್ತೀರ. ಮತ್ತೆ ಸ್ಕೋರ್‌ಕಾರ್ಡು ಪೆನ್ಸಿಲ್ಲು ತಗೊಳ್ಳೋದು ಮರೀಬೇಡಿ.