ಮಿಲಿಟ್ರಿ ನಿವೃತ್ತಿಯ ಗಂಟಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಖಾತೆ: ಹಾಸನದ ಮಾಜಿ ಸೈನಿಕರಿಗಾಗಿ ಒಂದು ವಿಮರ್ಶೆ

ಸೇನೆಯಿಂದ ಬಿಡುಗಡೆಯಾಗಿ ಹಾಸನಕ್ಕೋ ಅರಸೀಕೆರೆಗೋ ಮರಳಿದವರ ಖಾತೆಗೆ ಎಎಫ್‌ಪಿಪಿ ಫಂಡ್ ಎಂಬ ಸೈನಿಕರ ಭವಿಷ್ಯನಿಧಿ (ಅಧಿಕಾರಿಗಳಾದರೆ ಡಿಎಸ್‌ಒಪಿ), ಗ್ರಾಚ್ಯುಟಿ, ಕಮ್ಯುಟೇಷನ್ (ಪಿಂಚಣಿಯ ಒಂದು ಪಾಲನ್ನು ಮುಂಗಡವಾಗಿ ಇಡಿಗಂಟಾಗಿ ಪಡೆದದ್ದು), ರಜೆಯ ದುಡ್ಡು ಎಲ್ಲ ಹೆಚ್ಚುಕಮ್ಮಿ ಒಟ್ಟಿಗೇ ಬೀಳುತ್ತದೆ. ಸುದ್ದಿ ಹರಡಿದ ಮೇಲೆ ಸೈಟ್ ತೋರಿಸುವವರು, ಪಾಲಿಸಿ ಮಾರುವವರು, ಶುಂಠಿ ಬೆಳೆಗೆ ಪಾಲು ಕೇಳುವವರು ಮನೆಗೆ ಬರತೊಡಗುತ್ತಾರೆ. ಅಂಚೆ ಕಚೇರಿಯ ಐದು ವರ್ಷದ ಠೇವಣಿಯಾದ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಪರವಾಗಿ ಯಾರೂ ಬರುವುದಿಲ್ಲ. ಅದರ ಏಜೆಂಟ್ ಕಮಿಷನ್ 2011ರಲ್ಲೇ ನಿಂತಿದೆ. ಆದರೂ 50 ದಾಟಿ ನಿವೃತ್ತರಾದ ಸೈನಿಕರ ಹಣದ ಮೊದಲ ಪಾಲು ಹೋಗಬೇಕಾದ ಜಾಗ ಇದೇ.

ಮಿಕ್ಕವರಿಗೆ 60 (ಕೆಲಸದಿಂದ ನಿವೃತ್ತರಾಗಿದ್ದರೆ 55) ತುಂಬಿರಬೇಕು; ಸೇನಾ ನಿವೃತ್ತರಿಗೆ 50 ಸಾಕು. ಕನಿಷ್ಠ 1,000, ಗರಿಷ್ಠ 30 ಲಕ್ಷ ರೂಪಾಯಿ. 2023ರ ಏಪ್ರಿಲ್‌ನಲ್ಲಿ ಬಡ್ಡಿ ಶೇ 8.2ಕ್ಕೆ ಏರಿತು. ಆ ದರದಲ್ಲಿ ಲಕ್ಷಕ್ಕೆ ಮೂರು ತಿಂಗಳಿಗೆ 2,050, ಪೂರ್ತಿ 30 ಲಕ್ಷಕ್ಕೆ 61,500 ರೂಪಾಯಿ ಬರುತ್ತದೆ. ಸರ್ಕಾರ ದರವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಆದರೆ ನೀವು ಕಟ್ಟಿದ ದಿನದ ದರವೇ ಐದು ವರ್ಷ ಉಳಿಯುತ್ತದೆ. ನಮಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸಿದ ಗುಣ ಅದು.

ತೊಡಕಿರುವುದು ಕಾಗದಪತ್ರದಲ್ಲಿ. 60ರ ಒಳಗಿನವರು ನಿವೃತ್ತಿ ಹಣವನ್ನಷ್ಟೇ ಇಲ್ಲಿ ಕಟ್ಟಬಹುದು. ಗದ್ದೆ ಮಾರಿದ ದುಡ್ಡು ಸೇರಿಸುವಂತಿಲ್ಲ. ಹಣ ಕೈಸೇರಿದ ಮೂರು ತಿಂಗಳೊಳಗೆ ಕಟ್ಟಿಬಿಡಿ. ಯಾವ ಬಾಬ್ತು ಎಷ್ಟು, ಎಂದು ಜಮೆಯಾಯಿತು ಎಂಬುದಕ್ಕೆ ಆಧಾರ ಬೇಕು. ಡಿಸ್ಚಾರ್ಜ್ ಬುಕ್ ಒಂದೇ ಸಾಲದು: ಪಿಪಿಒ (ಪಿಂಚಣಿ ಪಾವತಿ ಆದೇಶ), ಪಿಎಒದ (ಸೇನೆಯ ವೇತನ ಲೆಕ್ಕಪತ್ರ ಕಚೇರಿ) ಅಂತಿಮ ಲೆಕ್ಕದ ಪ್ರತಿ, ಜಮೆ ಕಾಣುವ ಬ್ಯಾಂಕ್ ಪಾಸ್‌ಬುಕ್ ಪುಟ, ಸೇವಾವಧಿ ಮತ್ತು ನಿವೃತ್ತಿ ಸೌಲಭ್ಯ ನಮೂದಿಸಿದ ಪ್ರಮಾಣಪತ್ರ ಜೊತೆಗಿರಲಿ. ಆ ಪ್ರಮಾಣಪತ್ರವನ್ನು ಯುನಿಟ್ ಬಿಡುವ ಮುಂಚೆಯೇ ಬರೆಸಿಕೊಳ್ಳಬೇಕು. ಊರಿಗೆ ಬಂದಮೇಲೆ ರೆಕಾರ್ಡ್ ಆಫೀಸಿಗೆ ಪತ್ರ ಬರೆದು ಕಾಯುವಷ್ಟರಲ್ಲಿ ಗಡುವು ದಾಟೀತು.

ಹೆಸರಿನ ಗೊಂದಲ ನಮ್ಮ ಕಡೆ ಜಾಸ್ತಿ. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಪ್ಯಾನ್‌ನಲ್ಲಿ ಹಿಂದೆ, ಸೇನೆಯ ದಾಖಲೆಯಲ್ಲಿ ಇನಿಷಿಯಲ್ಲೇ ಇಲ್ಲ. ಪ್ಯಾನ್, ಆಧಾರ್ ಎರಡೂ ಕಡ್ಡಾಯ, ಹಾಗಾಗಿ ನಿವೃತ್ತಿಗೆ ಆರು ತಿಂಗಳಿರುವಾಗಲೇ ಸರಿಪಡಿಸಿಕೊಳ್ಳಿ. ಒಂದು ಲಕ್ಷಕ್ಕಿಂತ ಹೆಚ್ಚಿದ್ದರೆ ನಗದು ನಡೆಯದು, ಚೆಕ್ ಕೊಡಿ. ಚೆಕ್ ಪಾಸಾದ ದಿನವೇ ಠೇವಣಿಯ ದಿನ, ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ. ಹಳ್ಳಿಯ ಶಾಖಾ ಅಂಚೆ ಕಚೇರಿಯಲ್ಲಿ ಕೊಟ್ಟರೆ ಕಾಗದ ಮೇಲಿನ ಕಚೇರಿಗೆ ಹೋಗಿಬರಲು ದಿನ ಹಿಡಿಯುತ್ತದೆ, ಹಾಸನದ ಪ್ರಧಾನ ಅಂಚೆ ಕಚೇರಿಯೇ ವಾಸಿ. ಅಲ್ಲೇ 500 ರೂಪಾಯಿಯ ಉಳಿತಾಯ ಖಾತೆ ತೆರೆದು ಬಡ್ಡಿ ಅದಕ್ಕೆ ತಾನಾಗಿ ಬೀಳುವಂತೆ ಬರೆದುಕೊಡಿ. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯಲ್ಲಿ ತೆಗೆಯದೆ ಬಿಟ್ಟ ಬಡ್ಡಿಗೆ ಮತ್ತೆ ಬಡ್ಡಿ ಇಲ್ಲ. ಜಂಟಿ ಖಾತೆ ಗಂಡ ಹೆಂಡತಿಗೆ ಮಾತ್ರ. ನಾಮಿನಿ ಕಾಲಂ ಖಾಲಿ ಬಿಡಬೇಡಿ.

ಕೊರತೆಯೂ ಇದೆ. ಫಂಡ್, ಗ್ರಾಚ್ಯುಟಿ ಕೈಗೆ ಬಂದಾಗ ತೆರಿಗೆ ಇಲ್ಲ, ಈ ಬಡ್ಡಿಗೆ ಪೂರ್ತಿ ತೆರಿಗೆ. ವರ್ಷದ ಬಡ್ಡಿ ಮಿತಿ ದಾಟಿದರೆ ಕೊಡುವಾಗಲೇ ತೆರಿಗೆ (ಟಿಡಿಎಸ್) ಕಡಿತವಾಗುತ್ತದೆ. ವರ್ಷ ಕಳೆದು ಎರಡು ವರ್ಷದೊಳಗೆ ಮುಚ್ಚಿದರೆ ಅಸಲಿನಲ್ಲಿ ಶೇ 1.5, ಆಮೇಲೆ ಶೇ 1 ಕಡಿತ. ಮಗಳ ಮದುವೆಗೋ ಮನೆ ಕಟ್ಟಲೋ ಬೇಕಾಗುವ ಹಣ ಇಲ್ಲಿ ಹಾಕುವುದು ತಪ್ಪು. ಅವಧಿ ಮುಗಿದ ಒಂದು ವರ್ಷದೊಳಗೆ ಅರ್ಜಿ ಕೊಟ್ಟರೆ ಮೂರು ವರ್ಷ ಮುಂದುವರಿಸಬಹುದು.

ನಲವತ್ತರ ಆಸುಪಾಸಿನಲ್ಲಿ ಬರುವ ಜವಾನರಿಗೆ ಈ ಬಾಗಿಲು ಮುಚ್ಚಿದೆ. ಬೇಸರದ ಮಾತೇ, ಏಕೆಂದರೆ ಹೆಚ್ಚಿನವರು ಆ ವಯಸ್ಸಿಗೇ ಬರುತ್ತಾರೆ. 50 ಆಗಲಿ ನೋಡೋಣ ಎಂದು ಕಾದರೂ ಫಲವಿಲ್ಲ, ಅಷ್ಟರಲ್ಲಿ ಹಣ ಬಂದ ಮೇಲಿನ ಗಡುವು ಎಂದೋ ತೀರಿರುತ್ತದೆ. ಅವರಿಗೆ ಅಂಚೆಯ ಮಾಸಿಕ ಆದಾಯ ಯೋಜನೆ ಇದೆ: ಒಬ್ಬರ ಹೆಸರಿಗೆ 9 ಲಕ್ಷ, ಜಂಟಿಯಾದರೆ 15 ಲಕ್ಷದವರೆಗೆ. ಶೇ 7.4ರ ಲೆಕ್ಕದಲ್ಲಿ 15 ಲಕ್ಷಕ್ಕೆ ತಿಂಗಳಿಗೆ 9,250 ರೂಪಾಯಿ. ಮನೆಯಲ್ಲಿ 60 ತುಂಬಿದ ತಂದೆ ತಾಯಿ ಇದ್ದರೆ ಅವರ ಹೆಸರಲ್ಲಿ ಹಿರಿಯ ನಾಗರಿಕರ ಖಾತೆ ತೆರೆಯಬಹುದು, ಆದರೆ ಆ ಹಣ ಕಾನೂನಿನ ಪ್ರಕಾರ ಅವರದಾಗುತ್ತದೆ. ಅಣ್ಣತಮ್ಮಂದಿರ ಜೊತೆ ಮೊದಲೇ ಮಾತಾಡಿಕೊಂಡಿರಿ.