ಟೂಟ್, ಟಟ್, ಮ್ಯಾಡನ್‌ಸಿಟಿಎಲ್: ಟರ್ಮಿನಲ್‌ನಲ್ಲೇ ಮಾಸ್ಟೊಡಾನ್ ಓಡಿಸಿ ನೋಡಿದ್ದು

ಬ್ರೌಸರ್‌ನಲ್ಲಿ ಮಾಸ್ಟೊಡಾನ್ (ಟ್ವಿಟರ್ ಥರದ್ದೇ, ಆದ್ರೆ ಒಂದಕ್ಕೊಂದು ಮಾತಾಡೋ ಬೇರೆ ಬೇರೆ ಸರ್ವರ್‌ಗಳ ಮೇಲೆ ನಡೆಯೋ ಜಾಲತಾಣ) ತೆಗೆದ್ರೆ ನನ್ ಕಥೆ ಗೊತ್ತಿರೋದೇ, ಒಂದು ಪೋಸ್ಟ್ ಹಾಕಿ ಬಂದ್ಬಿಡ್ತೀನಿ ಅಂತ ಹೋದೋನು ಮುಕ್ಕಾಲು ಗಂಟೆ ಆದ್ಮೇಲೆ ಯಾರ್ದೋ ಬೆಕ್ಕಿನ ಫೋಟೋ ಕೆಳಗಡೆ ಇನ್ನೂ ಸ್ಕ್ರೋಲ್ ಮಾಡ್ತಾ ಕೂತಿರ್ತೀನಿ. ಅಲ್ಗಾರಿದಮ್ ಇಲ್ಲ, ಜಾಹೀರಾತಿಲ್ಲ, ಆದ್ರೂ ಟೈಮ್ ಹೋಗೋದು ಹೋಗತ್ತೆ. ದಿನವೆಲ್ಲ ಟರ್ಮಿನಲ್ (ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸೋ ಕಪ್ಪು ಸ್ಕ್ರೀನ್) ಹೇಗೂ ತೆಗೆದೇ ಇರತ್ತಲ್ಲ, ಅಲ್ಲಿಂದಲೇ ನೋಡೋಣ, ಸ್ವಲ್ಪ ಕಮ್ಮಿ ಆಗಬಹುದು ಅಂತ ಎರಡು ತಿಂಗಳು ಬ್ರೌಸರ್ ಟ್ಯಾಬ್ ಮುಚ್ಚಿಟ್ಟು ಮೂರು ಕ್ಲೈಂಟ್, ಅಂದ್ರೆ ಮಾಸ್ಟೊಡಾನ್ ಬಳಸೋ ಪ್ರೋಗ್ರಾಂ, ಬಳಸ್ದೆ. ಟೂಟ್, ಟಟ್, ಮ್ಯಾಡನ್‌ಸಿಟಿಎಲ್. ಹೆಸರು ಕೇಳಿದ್ರೆ ಮೊದಲನೇ ಎರಡು ಅಣ್ಣತಮ್ಮ ಅನ್ಸತ್ತೆ, ಸಂಬಂಧ ಏನೂ ಇಲ್ಲ, ಟೂಟ್ ಪೈಥಾನ್‌ನಲ್ಲಿ ಬರೆದಿದ್ದು, ಟಟ್ ಗೋ ಭಾಷೇಲಿ.

ಲಾಗಿನ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಟೂಟ್ ಮತ್ತೆ ಟಟ್ ಎರಡೂ ಮೊದ್ಲು ಯಾವ ಸರ್ವರ್ ಅಂತ ಕೇಳತ್ತೆ, ಬ್ರೌಸರ್ ತೆಗೆದು ಒಪ್ಪಿಗೆ ಕೊಟ್ರೆ ಒಂದು ಉದ್ದ ಕೋಡ್ ಬರತ್ತೆ, ಅದನ್ನ ತಂದು ಟರ್ಮಿನಲ್‌ಗೆ ಪೇಸ್ಟ್ ಮಾಡಿದ್ರೆ ಮುಗೀತು, ಪಾಸ್‌ವರ್ಡ್ ಕ್ಲೈಂಟ್ ಕೈಗೆ ಹೋಗೋದೇ ಇಲ್ಲ. ಆದ್ರೆ ಟೋಕನ್ (ಪಾಸ್‌ವರ್ಡ್ ಬದಲು ಕ್ಲೈಂಟ್‌ಗೆ ಸಿಗೋ ಗುಪ್ತ ಕೀಲಿ) ಹೋಮ್ ಫೋಲ್ಡರ್‌ನ ಕಾನ್ಫಿಗ್ ಫೈಲಲ್ಲಿ ಎನ್‌ಕ್ರಿಪ್ಟ್ ಆಗದೇ ಸಾದಾ ಪಠ್ಯವಾಗಿ ಬಿದ್ದಿರತ್ತೆ, ಕಾನ್ಫಿಗ್ ಫೋಲ್ಡರ್‌ನ ಹಾಗೇ ಗಿಟ್‌ಗೆ (ಫೈಲ್‌ಗಳ ಇತಿಹಾಸ ಇಟ್ಟು ಹಂಚೋ ಟೂಲ್) ತಳ್ಳೋ ಅಭ್ಯಾಸ ಇರೋರು ಒಂದ್ಸಲ ನೋಡ್ಕೊಳ್ಳಿ.

ಟೂಟ್ ನನಗೆ ಹಿಡಿಸಿದ್ದು ಒಂದೇ ಕಾರಣಕ್ಕೆ, ಅದು ಮುಗಿಯತ್ತೆ. ಟೂಟ್ ಟೈಮ್‌ಲೈನ್ ಅಂತ ಹೊಡೆದ್ರೆ ಹತ್ತು ಪೋಸ್ಟ್ ಉಗುಳಿ ಇನ್ನೂ ಬೇಕಾ ಅಂತ ಕೇಳತ್ತೆ, ಬೇಡ ಅಂದ್ರೆ ಪ್ರಾಂಪ್ಟ್ (ಮುಂದಿನ ಕಮಾಂಡ್ ಕಾಯೋ ಸಾಲು) ವಾಪಸ್. ಆ ಪ್ರಶ್ನೆ ಇದ್ಯಲ್ಲ, ಅದನ್ನ ಯಾವ ಆ್ಯಪೂ ನನ್ನ ಇವತ್ತಿನವರೆಗೂ ಕೇಳಿರಲಿಲ್ಲ! ಈಗ ಅದನ್ನೂ ಕೇಳದೇ ಒಂದೇ ಸಲ 20 ತೋರಿಸಿ ನಿಲ್ಲೋ ಹಾಗೆ ಅಲಿಯಾಸ್ (ಉದ್ದ ಕಮಾಂಡಿಗೆ ಒಂದು ಸಣ್ಣ ಹೆಸರು) ಮಾಡಿಟ್ಟಿದೀನಿ. ಒಂದು ರಿಕ್ವೆಸ್ಟ್‌ಗೆ 40ಕ್ಕಿಂತ ಜಾಸ್ತಿ ಮಾಸ್ಟೊಡಾನ್ ಸರ್ವರೂ ಕೊಡಲ್ಲ, ನನಗೆ 20 ಸಾಕಾಗತ್ತೆ.

ಬರೆಯೋದು ಇನ್ನೂ ಸುಲಭ, ಟೂಟ್ ಪೋಸ್ಟ್ ಅಂದು ಕೋಟ್ ಒಳಗೆ ವಾಕ್ಯ ಹಾಕಿದ್ರೆ ಹೋಯ್ತು. ಸುಲಭ ಅಂತಾನೇ ನಾನು ಮರ್ಯಾದೆ ಕಳ್ಕೊಂಡಿದ್ದು. ಯಾರೋ ಫೈಲ್ ಲಿಸ್ಟ್ ಮಾಡೋ ಬಗ್ಗೆ ಕೇಳಿದ್ರು, ನಾನು ದೊಡ್ಡ ಪಂಡಿತನ ಥರ ಫೈಲ್ ಪಟ್ಟಿ ಕೊಡೋ ಎಲ್‌ಎಸ್ ಕಮಾಂಡನ್ನ ಬ್ಯಾಕ್‌ಟಿಕ್ (`) ಒಳಗಿಟ್ಟು ಇಡೀ ವಾಕ್ಯಕ್ಕೆ ಡಬಲ್ ಕೋಟ್ ಹಾಕಿ ಎಂಟರ್ ಒತ್ತಿದೆ. ಡಬಲ್ ಕೋಟ್ ಒಳಗಿನ ಬ್ಯಾಕ್‌ಟಿಕ್ ಅಂದ್ರೆ ಶೆಲ್‌ಗೆ (ನಾವು ಟೈಪ್ ಮಾಡಿದ ಕಮಾಂಡ್ ನಡೆಸೋ ಪ್ರೋಗ್ರಾಂ) ಇದನ್ನ ಓಡಿಸು ಅಂತ ಅರ್ಥ, ಅದು ಪಾಪ ಓಡಿಸ್ತು, ಬಂದ ಉತ್ತರಾನ ವಾಕ್ಯದ ಮಧ್ಯೆ ತುರುಕಿ ಟೂಟ್ ಕೈಗೆ ಕೊಡ್ತು, ಅದು ಪಬ್ಲಿಕ್ ಆಗಿ ಹಾಕ್ತು. ನನ್ ಹೋಮ್ ಫೋಲ್ಡರ್‌ನ ಎಲ್ಲಾ ಹೆಸರು, ರೆಸ್ಯೂಮ್ ಫೈನಲ್, ರೆಸ್ಯೂಮ್ ಫೈನಲ್ ಎರಡು, ರೆಸ್ಯೂಮ್ ನಿಜವಾಗ್ಲೂ ಫೈನಲ್ ಸಮೇತ. ಲಿಸ್ಟ್ ಉದ್ದ ಇದ್ದಿದ್ರೆ 500 ಅಕ್ಷರದ ಮಿತಿ ದಾಟಿ ಸರ್ವರೇ ತಿರಸ್ಕರಿಸ್ತಿತ್ತು, ನನ್ ಗ್ರಹಚಾರಕ್ಕೆ ಸರಿಯಾಗಿ ಹಿಡೀತು. ತಕ್ಷಣ ಡಿಲೀಟ್ ಮಾಡ್ದೆ, ಆದ್ರೆ ಇಲ್ಲಿ ಡಿಲೀಟ್ ಅಂದ್ರೆ ನಮ್ ಸರ್ವರ್ ಉಳಿದ ಸರ್ವರ್‌ಗಳಿಗೆಲ್ಲ ಇದನ್ನ ಅಳಿಸಿ ಅಂತ ಹೇಳಿ ಕಳಿಸೋದು ಅಷ್ಟೇ, ಎಲ್ಲಾರೂ ಅಳಿಸಿದ್ರಾ ಇಲ್ವಾ ಅಂತ ನೋಡೋಕೆ ದಾರಿ ಇಲ್ಲ. ಅವತ್ತಿಂದ ಒಂದು ಸಾಲಿಗಿಂತ ಜಾಸ್ತಿ ಇದ್ರೆ ಎಡಿಟರ್ ತೆಗೆಯೋ ಆಪ್ಷನ್ ಹಾಕೇ ಬರೆಯೋದು, ಸಣ್ಣದಾದ್ರೆ ಸಿಂಗಲ್ ಕೋಟ್.

ಟೂಟ್‌ನ ಇನ್ನೊಂದು ತಲೆನೋವು ರಿಪ್ಲೈ. ಯಾವ ಪೋಸ್ಟ್‌ಗೆ ಉತ್ತರ ಅಂತ ಐಡಿ ನಂಬರ್ ಕೊಡ್ಬೇಕು. ಬೇರೆ ಸರ್ವರ್‌ನ ಲಿಂಕ್‌ನಲ್ಲಿದ್ದ ನಂಬರ್ ಕಾಪಿ ಮಾಡಿ ಕೊಟ್ಟೆ, ಅಂಥದ್ದು ಇಲ್ವೇ ಇಲ್ಲ ಅಂತು. ಅರ್ಧ ಗಂಟೆ ತಲೆ ಕೆರ್ಕೊಂಡ್ಮೇಲೆ ಹೊಳೀತು, ಒಂದೇ ಪೋಸ್ಟ್‌ಗೆ ಒಂದೊಂದು ಸರ್ವರ್‌ನಲ್ಲೂ ಬೇರೆ ಬೇರೆ ನಂಬರ್, ಅಲ್ಲಿಯ ನಂಬರ್ ಇಲ್ಲಿ ನಡೆಯಲ್ಲ. ಪೂರ್ತಿ ಲಿಂಕನ್ನ ನಮ್ ಸರ್ವರ್‌ನಲ್ಲಿ ಹುಡುಕಿಸಿದ್ರೆ ಅದು ಹೋಗಿ ಪೋಸ್ಟ್ ತಂದು ತನ್ನ ನಂಬರ್ ಕೊಡತ್ತೆ, ಆಮೇಲೆ ರಿಪ್ಲೈ. ಒಂದು ಹೌದು ಕಣಪ್ಪ ಅನ್ನೋಕೆ ಇಷ್ಟೆಲ್ಲಾ.

ಫೋಟೋ ವಿಷಯದಲ್ಲಿ ಮಾತ್ರ ಕಮಾಂಡ್ ಲೈನ್ ನನ್ನ ಸುಧಾರಿಸ್ತು, ಫೈಲ್ ಹೆಸರಿನ ಪಕ್ಕದಲ್ಲೇ ವಿವರಣೆ ಟೈಪ್ ಮಾಡ್ಬಹುದಾದ್ರಿಂದ ಕಣ್ಣು ಕಾಣದವರಿಗೆ ಬೇಕಾದ ಆಲ್ಟ್ ಟೆಕ್ಸ್ಟ್ ಈಗ ಮರೆಯೋದೇ ಇಲ್ಲ. ಶೆಡ್ಯೂಲ್ ಕೂಡ ಚೆನ್ನಾಗಿದೆ, ಕನಿಷ್ಠ 5 ನಿಮಿಷ ಮುಂದಕ್ಕಿರಬೇಕು, ಪೋಸ್ಟ್ ಸರ್ವರ್‌ನಲ್ಲೇ ಕಾಯ್ತಿರತ್ತೆ, ಲ್ಯಾಪ್‌ಟಾಪ್ ಆಫ್ ಮಾಡಿ ಮಲ್ಕೊಂಡ್ರೂ ಹೋಗತ್ತೆ.

ಈಗ ಟಟ್. ಓದೋಕೆ ಇದರ ಮುಂದೆ ಟೂಟ್ ನಿಲ್ಲಲ್ಲ, ಒಪ್ಕೋಬೇಕು. ಎಡಗಡೆ ಲಿಸ್ಟ್, ಬಲಗಡೆ ಪೋಸ್ಟ್, ವಿಮ್ ಅನ್ನೋ ಎಡಿಟರ್ ಥರ ಜೆ ಒತ್ತಿದ್ರೆ ಕೆಳಗೆ ಕೆ ಒತ್ತಿದ್ರೆ ಮೇಲೆ, ಬಿ ಅಂದ್ರೆ ಬೂಸ್ಟ್ (ಬೇರೆಯವರ ಪೋಸ್ಟ್ ಹಂಚೋದು), ಆರ್ ಅಂದ್ರೆ ರಿಪ್ಲೈ, ಐಡಿ ಗೀಡಿ ಏನೂ ಬೇಕಾಗಿಲ್ಲ. ಫೋಟೋ ಇದ್ರೆ ಸಿಸ್ಟಮ್‌ನ ಇಮೇಜ್ ವ್ಯೂವರ್‌ನಲ್ಲಿ ತೆರೀತದೆ. ಒಂದು ವಾರದಲ್ಲಿ ಬೆರಳಿಗೆ ಕೂತ್ಬಿಡ್ತು, ಮೌಸ್ ಮುಟ್ಟೋದೇ ಮರ್ತೋಯ್ತು. ಸಮಸ್ಯೆ ಶುರುವಾಗಿದ್ದೇ ಅಲ್ಲಿ. ಸ್ಟ್ರೀಮಿಂಗ್ ಇರೋದ್ರಿಂದ ಹೊಸ ಪೋಸ್ಟ್ ತಾನೇ ಬಂದು ಮೇಲೆ ಕೂರತ್ತೆ, ನೋಟಿಫಿಕೇಶನ್ ಕಣ್ಣೆದುರಿಗೇ ಇರತ್ತೆ, ನಾನು ಟರ್ಮಿನಲ್‌ನ ಒಂದು ಪೇನ್‌ನಲ್ಲಿ (ಸ್ಕ್ರೀನ್‌ನ ಒಂದು ಭಾಗ) ಕೆಲಸ ಪಕ್ಕದ ಪೇನ್‌ನಲ್ಲಿ ಟಟ್ ಇಟ್ಕೊಂಡು ಎರಡು ನಿಮಿಷಕ್ಕೊಂದ್ಸಲ ಕತ್ತು ತಿರುಗಿಸ್ತಿದ್ದೆ. ದೂರದಿಂದ ನೋಡೋರಿಗೆ ಭಾರಿ ಕೆಲಸ ಮಾಡ್ತಿರೋ ಹಾಗೆ ಕಾಣ್ಸತ್ತೆ, ಕಪ್ಪು ಸ್ಕ್ರೀನ್ ತುಂಬಾ ಅಕ್ಷರ ಓಡ್ತಿರತ್ತಲ್ಲ, ಬ್ರೌಸರ್‌ಗಿಂತ ಇದೇ ಅಪಾಯ! ಟೂಟ್ ಒಳಗೂ ಇಂಥದ್ದೇ ಒಂದು ಟಿಯುಐ (ಟರ್ಮಿನಲ್ ಒಳಗೇ ಪೂರ್ತಿ ಸ್ಕ್ರೀನ್‌ನಲ್ಲಿ ತೆರೆಯೋ ರೂಪ) ಇದೆ, ನೋಡೋಕೆ ಸ್ವಲ್ಪ ಸಪ್ಪೆ, ಆ ಸಪ್ಪೆತನಾನೇ ನನಗೆ ಒಳ್ಳೇದಾಯ್ತು.

ಕನ್ನಡ ಪೋಸ್ಟ್ ಬಂದಾಗ ಟಟ್ ಇನ್ನೊಂದು ಥರ ಕಾಟ ಕೊಡ್ತು. ಟರ್ಮಿನಲ್ ಅಂದ್ರೆ ಚೌಕಗಳ ಹಾಳೆ, ಒಂದೊಂದು ಅಕ್ಷರಕ್ಕೆ ಇಷ್ಟೇ ಚೌಕ ಅಂತ ಲೆಕ್ಕ. ನಮ್ ಒತ್ತಕ್ಷರ ಆ ಲೆಕ್ಕಕ್ಕೆ ಬಗ್ಗಲ್ಲ, ಸ್ತ್ರೀ ಅನ್ನೋದನ್ನ ಪ್ರೋಗ್ರಾಂ ಒಂದು ಅಗಲ ಅಂದ್ಕೊಂಡಿರತ್ತೆ, ಟರ್ಮಿನಲ್ ಇನ್ನೊಂದು ಅಗಲದಲ್ಲಿ ಬಿಡಿಸತ್ತೆ, ಆ ಸಾಲಿನಲ್ಲಿ ಪಕ್ಕದ ಗೆರೆ ಪಕ್ಕಕ್ಕೆ ಜಾರಿ ಹಲ್ಲು ಬಿದ್ದ ಬಾಚಣಿಗೆ ಥರ ಆಗತ್ತೆ, ಸ್ಕ್ರೋಲ್ ಮಾಡಿದ್ರೆ ಹಳೇ ಸಾಲಿನ ಒಂದು ಕೊಂಬೋ ದೀರ್ಘವೋ ಅಲ್ಲೇ ಅಂಟ್ಕೊಂಡಿರತ್ತೆ. ತಪ್ಪು ಟಟ್‌ದಲ್ಲ, ಟರ್ಮಿನಲ್ ಬದಲಿಸಿದ್ರೆ ಸ್ವಲ್ಪ ಸರಿ ಹೋಗತ್ತೆ ಪೂರ್ತಿ ಹೋಗಲ್ಲ. ಟೂಟ್ ಟೈಮ್‌ಲೈನ್‌ನಲ್ಲಿ ಅಕ್ಷರ ಅಷ್ಟೇ ಕೆಟ್ಟದಾಗಿ ಕಂಡ್ರೂ ಕಲಸಿಹೋಗೋಕೆ ಪೇನ್‌ಗಳಿಲ್ಲ, ಬೇಕಂದ್ರೆ ಫೈಲಿಗೆ ತಿರುಗಿಸಿ ಎಡಿಟರ್‌ನಲ್ಲಿ ತೆಗೆದು ನೆಮ್ಮದಿಯಾಗಿ ಓದ್ಬಹುದು.

ಮ್ಯಾಡನ್‌ಸಿಟಿಎಲ್ ಮನುಷ್ಯರು ಕೂತು ಓದೋಕಲ್ಲ, ಸ್ಕ್ರಿಪ್ಟ್ ಬರೆಯೋರಿಗೆ. ಪ್ರೋಗ್ರಾಂಗಳು ಓದೋಕೆ ಸುಲಭವಾದ ಜೇಸನ್, ಯಾಮಲ್, ಇಲ್ಲಾ ನಿಮ್ದೇ ಟೆಂಪ್ಲೇಟ್, ಯಾವ ರೂಪದಲ್ಲಿ ಬೇಕಾದ್ರೂ ಔಟ್‌ಪುಟ್ ಕೊಡತ್ತೆ, ಸ್ಟ್ರೀಮ್‌ನೂ ಪೈಪ್ ಮಾಡ್ಬಹುದು, ಅಂದ್ರೆ ಇನ್ನೊಂದು ಪ್ರೋಗ್ರಾಂಗೆ ಹರಿಸ್ಬಹುದು. ಒಂದು ಹ್ಯಾಶ್‌ಟ್ಯಾಗ್ ಕಾಯೋ ಸ್ಕ್ರಿಪ್ಟ್ ಬರೆದೆ, ಚೆನ್ನಾಗೇ ಓಡ್ತು, ಜೇಸನ್ ತೆಗೆದ್ರೆ ಪೋಸ್ಟ್‌ನ ಪಠ್ಯ ಎಚ್‌ಟಿಎಂಎಲ್ ಟ್ಯಾಗ್ ಸಮೇತ ಬರತ್ತೆ ಅನ್ನೋದು ನೆನಪಿರ್ಲಿ. ಆದ್ರೆ ಟೂಟ್‌ನಲ್ಲೂ ಜೇಸನ್ ಆಪ್ಷನ್ ಇರೋದ್ರಿಂದ ನನ್ ಸಣ್ಣಪುಟ್ಟ ಕೆಲಸಕ್ಕೆ ಇನ್ನೊಂದು ಟೂಲ್ ಯಾಕೆ ಅನ್ನಿಸಿ ತೆಗೆದೆ.

ಈಗ ಬೆಳಗ್ಗೆ ಟೂಟ್‌ನಿಂದ 20 ಪೋಸ್ಟ್, ಹಾಕೋದೇನಾದ್ರೂ ಇದ್ರೆ ಅಲ್ಲಿಂದಲೇ. ಟಟ್ ಅನ್‌ಇನ್‌ಸ್ಟಾಲ್ ಮಾಡಿಲ್ಲ, ಯಾವ್ದಾದ್ರೂ ಚರ್ಚೆ ಜೋರಾಗಿ ನಡೀತಿದ್ರೆ ಅದನ್ನೇ ತೆಗೀತೀನಿ, ಹತ್ತು ಜನಕ್ಕೆ ಉತ್ತರ ಕೊಡೋವಾಗ ಐಡಿ ಹುಡುಕ್ತಾ ಕೂರೋಕಾಗಲ್ಲ. ಹೋದ ವಾರ ಹಾಗೆ ಒಂದ್ಸಲ ತೆಗೆದಿದ್ದು, ಮುಚ್ಚೋ ಹೊತ್ತಿಗೆ ರಾತ್ರಿ ಒಂದೂವರೆ.